ಅಂಕುರ, ತೇಜಸ್ಸು ಮತ್ತು ಬೆಳಕು

ಬೀದರ ಜಿಲ್ಲೆಯ ಹುಮನಾಬಾದು ತಾಲ್ಲೂಕಿನ ದುಬಲಗುಂಡಿ ಮೊದಲಾದ ಗ್ರಾಮಗಳಲ್ಲಿ ನವರಾತ್ರಿಯ ಪ್ರತಿಪದೆಯಂದು ಘಟಸ್ಥಾಪನೆಯನ್ನು ಮಾಡಿ, ಘಟದ ಸುತ್ತಣ ಮಣ್ಣಿನಲ್ಲಿ ಧಾನ್ಯವನ್ನು ಬಿತ್ತುವ ಸಂಪ್ರದಾಯವುಂಟು. ದೇವರ ಮನೆಯ ಮಬ್ಬಿನಲ್ಲಿ ಬೆಳೆದ ಆ ಸಸಿಗಳು ಒಂಬತ್ತನೆಯ ದಿನಕ್ಕೆ ಎತ್ತರವಾಗಿ, ಸಪುರವಾಗಿ, ಹೊಂಬಣ್ಣವಾಗಿ ನಿಲ್ಲುತ್ತವೆ. ಅದೇ ದಿನ ಹೊಲದಲ್ಲಿ ಬಿದ್ದ ಅದೇ ಧಾನ್ಯದ ಸಸಿ ಗಿಡ್ಡವಾಗಿಯೂ ಹಸುರಾಗಿಯೂ ಇರುತ್ತದೆ. ಬೀಜವೊಂದೇ, ನೀರೊಂದೇ, ಈ ರೂಪಭೇದಕ್ಕೆ ನಿಮಿತ್ತವೇನೆಂಬುದನ್ನು ನಮ್ಮ ಪೂರ್ವಿಕರು ಎಷ್ಟರಮಟ್ಟಿಗೆ ಅರಿತಿದ್ದರು?

ಅಂಕುರಾರ್ಪಣವಿಧಿಗಳನ್ನು ಬಲ್ಲವರಿಗೆ ಈ ಭೇದವು ಹೊಸದಲ್ಲ. ಪಾಲಿಕೆಗಳಲ್ಲಿ ಬಿತ್ತಿ ಮುಚ್ಚಿಟ್ಟ ನವಧಾನ್ಯಗಳ ಮೊಳಕೆಗಳು ಬಿಳುಪಾಗಿಯೋ ಹಳದಿಯಾಗಿಯೋ ನೆಟ್ಟಗೆ ಎದ್ದರೆ ಶುಭವೆಂದೂ, ಕಪ್ಪಾಗಿ ವಕ್ರವಾಗಿ ಬೆಳೆದರೆ ಅಶುಭವೆಂದೂ ಅಲ್ಲಿ ವಿಧಿಸಿದೆ. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಒಂದು ಪಾಲಿಕೆಯು ಗವಾಕ್ಷದ ಬಳಿಯಲ್ಲಿಯೇ ಉಳಿದುಹೋಗಿ, ಅಂಕುರಗಳೆಲ್ಲ ಒಂದೇ ಕಡೆಗೆ ಬಾಗಿದುವು. ಅದಕ್ಕಾಗಿ ಶಾಂತಿಯನ್ನು ಮಾಡಿಸಿದರು. ಗವಾಕ್ಷವನ್ನು ಮಾತ್ರ ಯಾರೂ ನೋಡಲಿಲ್ಲ.

ದುಬಲಗುಂಡಿಗೆ ಸಮೀಪದ ಕಲ್ಯಾಣವು ಇಂತಹ ವಿಚಾರಗಳಿಗೆ ಹಳೆಯ ನೆಲೆ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ಬರೆದ ಕನ್ನಡ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವಿದೆ. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ (1129) ಉದ್ಯಾನವಿಷಯವಿದೆ. ಇವರಿಗಿಂತ ಪೂರ್ವದ ವರಾಹಮಿಹಿರನು ಬೀಜವನ್ನು ಹತ್ತು ದಿನ ಹಾಲಿನಲ್ಲಿ ಭಾವನೆ ಮಾಡಿ ತುಪ್ಪದ ಕೈಯಿಂದ ತೊಡೆಯಬೇಕೆನ್ನುತ್ತಾನೆ. ಇವುಗಳನ್ನು ಮುಂದಿಟ್ಟು, ಸಸ್ಯಗಳ ಹಾರ್ಮೋನುಗಳನ್ನು ನಮ್ಮವರು ಆಗಲೇ ಬಲ್ಲವರಾಗಿದ್ದರೆಂದು ಹೇಳುವವರುಂಟು. ನನಗೆ ಇದು ಸಮ್ಮತವಲ್ಲ. ಬೀಜಸಂಸ್ಕಾರವನ್ನು ಅನುಭವದಿಂದ ಕಂಡುಕೊಳ್ಳುವುದು ಬೇರೆ, ಸಂಸ್ಕಾರವು ಫಲಿಸುವ ಕಾರಣವನ್ನು ಕಾಣುವುದು ಬೇರೆ.

ಮತ್ತೊಂದು ಭ್ರಾಂತಿಯೂ ಉಂಟು. ಬೌದ್ಧರ ‘ಶಾಲಿಸ್ತಂಬಸೂತ್ರ’ವು ಅಂಕುರೋತ್ಪತ್ತಿಗೆ ಪೃಥಿವಿ, ಜಲ, ತೇಜಸ್ಸು, ವಾಯು, ಆಕಾಶ, ಋತು ಇವುಗಳನ್ನು ಪ್ರತ್ಯಯಗಳಾಗಿ ಎಣಿಸುತ್ತದೆ. ಇಲ್ಲಿಯ ತೇಜಸ್ಸನ್ನು ಬೆಳಕೆಂದು ಅರ್ಥಮಾಡಲಾಗದು. ತೇಜಸ್ಸು ಬೀಜವನ್ನು ಪರಿಪಾಕಗೊಳಿಸುವುದೆಂದು ಸೂತ್ರವೇ ಹೇಳುವುದರಿಂದ ಅದು ಉಷ್ಣವೇ ಸರಿ. ಬೀಜಾಂಕುರನ್ಯಾಯವನ್ನು ಅಷ್ಟು ಸೂಕ್ಷ್ಮವಾಗಿ ಚರ್ಚಿಸಿದ ಪರಂಪರೆಯಲ್ಲಿ ಬೆಳಕು ಅಂಕುರದ ರೂಪಕ್ಕೆ ನಿಯಾಮಕವೆಂಬ ಮಾತು ನನ್ನ ಓದಿಗೆ ಸಿಕ್ಕಿಲ್ಲ.

ಗವಾಕ್ಷವನ್ನು ನೋಡಿದವರು ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಪುತ್ರ ಫ್ರಾನ್ಸಿಸ್. ಹುಲ್ಲಿನ ಮೊಳಕೆಯ ತುದಿಗೆ ಟೊಪ್ಪಿಗೆಯಿಟ್ಟರೆ ಅದು ಬೆಳಕಿನ ಕಡೆಗೆ ಬಾಗದೆಂದೂ, ತುದಿಯಿಂದ ಕೆಳಗೆ ಯಾವುದೋ ಪ್ರಭಾವವು ಇಳಿಯುವುದೆಂದೂ ಅವರು 1880ರಲ್ಲಿ ಪ್ರಕಟಿಸಿದರು. ಆ ಪ್ರಭಾವವು ದ್ರವ್ಯರೂಪದ್ದೆಂಬುದನ್ನು ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿಗಳನ್ನು ಕೊಯ್ದು ಅಗರಿನ ಮೇಲಿಟ್ಟು, ಆ ಅಗರಿನ ತುಂಡನ್ನು ತುದಿಯಿಲ್ಲದ ಮೊಳಕೆಯ ಒಂದು ಪಾರ್ಶ್ವದಲ್ಲಿರಿಸಿ ತೋರಿಸಿದರು (1928). ಅದೇ ಆಕ್ಸಿನ್. ಅದು ನೆರಳಿನ ಪಾರ್ಶ್ವದಲ್ಲಿ ಹೆಚ್ಚಿ, ಆ ಭಾಗ ಉದ್ದವಾಗುವುದರಿಂದ ಮೊಳಕೆ ಬಾಗುತ್ತದೆ. ನಮ್ಮ ಪಾಲಿಕೆಯ ಅಶುಭವು ಇಷ್ಟೇ.

ಹಳದಿಯ ವಿಷಯ ಇನ್ನೂ ಗಹನವಾದುದು. ಕೆಂಪು ಬೆಳಕು ಲೆಟಿಸ್ ಬೀಜವನ್ನು ಮೊಳೆಯಿಸುವುದೆಂದೂ, ಅತಿಕೆಂಪು ಬೆಳಕು ಅದನ್ನು ತಡೆಯುವುದೆಂದೂ ಅಮೆರಿಕದಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು 1952ರಲ್ಲಿ ಕಂಡರು; ಬೆಳಕನ್ನರಿಯುವ ಈ ವರ್ಣದ್ರವ್ಯವೇ ಫೈಟೊಕ್ರೋಮ್. ಕತ್ತಲೆಯಲ್ಲಿ ಪಿಐಎಫ್ ಎಂಬ ಪ್ರೋಟೀನುಗಳು ಕಾಂಡವನ್ನು ಉದ್ದಗೊಳಿಸುವ ಜೀನುಗಳನ್ನು ಎಚ್ಚರಿಸುತ್ತವೆ; ಹಸುರುತನಕ್ಕೆ ಬೇಕಾದ ಎಚ್‌ವೈ5 ಎಂಬ ಪ್ರೋಟೀನನ್ನು ಸಿಓಪಿ1 ಎಂಬುದು ನಾಶಮಾಡಿಸುತ್ತಿರುತ್ತದೆ. ಬೆಳಕು ಬಿದ್ದೊಡನೆ ಫೈಟೊಕ್ರೋಮ್ ಕೋಶಕೇಂದ್ರವನ್ನು ಹೊಕ್ಕು ಪಿಐಎಫ್‌ಗಳನ್ನು ತೊಲಗಿಸುತ್ತದೆ, ಎಚ್‌ವೈ5 ಉಳಿಯುತ್ತದೆ, ಹರಿತ್ತಿನ ಜೀನುಗಳು ಅಭಿವ್ಯಕ್ತವಾಗುತ್ತವೆ. ಹಾರ್ಮೋನುಗಳೂ ಇದೇ ಜಾಗದಲ್ಲಿ ಕೂಡಿಕೊಳ್ಳುತ್ತವೆ. ಡೆಲ್ಲಾ ಎಂಬ ಪ್ರೋಟೀನುಗಳು ಪಿಐಎಫ್‌ಗಳನ್ನು ಹಿಡಿದು ಕಟ್ಟುತ್ತವೆ. ಜಿಬ್ಬರೆಲಿನ್ ಡೆಲ್ಲಾಗಳನ್ನು ಕಳೆದು ಅವುಗಳನ್ನು ಬಿಡಿಸುತ್ತದೆ. ಇದು 2008ರಲ್ಲಿ ಎರಡು ತಂಡಗಳಿಂದ ಏಕಕಾಲದಲ್ಲಿ ಸಿದ್ಧವಾಯಿತು. ಬೆಳಕು ಒಂದು ಕಾರಣ, ಹಾರ್ಮೋನು ಮತ್ತೊಂದು ಎಂದು ಬೇರ್ಪಡಿಸಿ ಎಣಿಸುವುದು ಇನ್ನು ಸಲ್ಲದು.

ಈ ಶೋಧನೆಯಲ್ಲಿ ಕರ್ನಾಟಕದ ಪಾಲೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪಲ್ ನಾಥ್ ಮತ್ತು ಸಂಗಡಿಗರು, ಅರಬಿಡೊಪ್ಸಿಸ್ ಎಂಬ ಸಾಸಿವೆಯ ಕುಲದ ಚಿಕ್ಕ ಗಿಡದಲ್ಲಿ ಟಿಸಿಪಿ4 ಎಂಬ ಪ್ರೋಟೀನು ಆಕ್ಸಿನ್ ತಯಾರಿಕೆಯ ಯುಕ್ಕಾ5 ಎಂಬ ಜೀನನ್ನು ನೇರವಾಗಿ ಪ್ರಚೋದಿಸಿ, ಬೀಜದಳದ ಕೆಳಗಣ ಕಾಂಡವನ್ನು ಉದ್ದಗೊಳಿಸುವುದೆಂದು 2016ರಲ್ಲಿ ತೋರಿಸಿದರು. ಬೆಳಕು ಮುಂತಾದ ಹೊರಗಣ ನಿಮಿತ್ತಗಳೂ ಒಳಗಣ ನಿಮಿತ್ತಗಳೂ ಒಂದೇ ಜೀನುಜಾಲದಲ್ಲಿ ಬಂದು ಸೇರುವುದು ಅಲ್ಲಿಯೂ ಕಂಡಿತು.

ವಿಜಯದಶಮಿಯ ಬಳಿಕ ಘಟದ ಸಸಿಗಳಲ್ಲಿ ನಾಲ್ಕನ್ನು ಮಣ್ಣುಸಹಿತ ಅಂಗಳದಲ್ಲಿರಿಸಿದರೆ, ಅವು ಒಂದೆರಡು ದಿನಗಳಲ್ಲಿ ಹಸುರಾಗುವುದನ್ನು ಯಾರೂ ಕಾಣಬಹುದು.