ಮಂದ್ರದ ತಂತಿ

ಕನ್ನಡ ಪಾಠ ಹೇಳಿ ಆಯುಷ್ಯ ಸವೆಸಿದವನಿಗೆ ಬೇಸ್ ಗಿಟಾರಿನ ತಂತಿಯ ಉಸಾಬರಿ ಏಕೆಂದು ತಾವು ಕೇಳಬಹುದು. ಅದನ್ನು ನನಗೆ ಅಂಟಿಸಿದವನು ನಮ್ಮಣ್ಣನ ಮೊಮ್ಮಗ. “ತಾತ, ಫ್ಲಾಟ್‌ವೌಂಡ್ ತಂತಿ ಹಾಕಿದ್ರೆ ನಾನು ನುಡಿಸೋದು ಯಾರಿಗೂ ಕೇಳಿಸೋದೇ ಇಲ್ಲವಂತೆ, ನಿಜವಾ?” ಎಂದು ಒಂದು ಸಂಜೆ ಕೇಳಿದ. ಉತ್ತರ ಹುಡುಕಹೊರಟ ನನಗೆ ಒಂದು ಚರಿತ್ರೆಯೇ ಎದುರಾಯಿತು.

1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ಎಂಬ ವಿದ್ಯುತ್ ವಾದ್ಯವನ್ನು ಹೊರತಂದರು. ಅದುವರೆಗೆ ಮಂದ್ರದ ಹೊಣೆ ಹೊತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಹೊಸ ವಾದ್ಯಕ್ಕೆ ವೀಣೆಯಂತೆ ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನ ನಿಖರವಾಗಿ ದೊರೆಯುತ್ತಿತ್ತು; ಹೆಸರಿನ ಅರ್ಥವೂ ಅದೇ. ಆರಂಭದಲ್ಲಿ ಅದಕ್ಕೆ ಕಟ್ಟುತ್ತಿದ್ದುದು ಫ್ಲಾಟ್‌ವೌಂಡ್, ಎಂದರೆ ಚಪ್ಪಟೆ ಸುತ್ತಿನ ತಂತಿಯನ್ನು. ಒಳಗಿನ ಉಕ್ಕಿನೆಳೆಯ ಮೇಲೆ ಪಟ್ಟಿಯಂಥ ಲೋಹವನ್ನು ಸುತ್ತಿರುವುದರಿಂದ ಅದರ ಮೈ ನುಣುಪು. ಬೆರಳು ಜಾರಿದರೆ ಕಿರುಗುಟ್ಟುವುದಿಲ್ಲ. ಮೆಟ್ಟಿಲು ಬೇಗ ಸವೆಯುವುದಿಲ್ಲ. ಮೇಲಿನ ಅನುನಾದಗಳು ಅಡಗಿ, ಮೂಲಸ್ವರವೇ ದುಂಡಗೆ ಮೂಡುತ್ತದೆ.

ಈ ತಂತಿಯ ಮಹಿಮೆಯನ್ನು ತೋರಿದವರು ಅಮೆರಿಕದ ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್ಸನ್. ಡಬಲ್ ಬೇಸಿನಲ್ಲಿ ಪಳಗಿದ ಕೈ ಅವರದು. 1959ರಲ್ಲಿ ಬೆರಿ ಗಾರ್ಡಿ ಸ್ಥಾಪಿಸಿದ ಮೋಟೌನ್ ಸಂಸ್ಥೆಯ ಅಸಂಖ್ಯ ಹಾಡುಗಳಿಗೆ ಅವರು ಒಂದೇ ತೋರುಬೆರಳಿನಿಂದ ಬೇಸ್ ನುಡಿಸಿದರು. ತುಂಡಾಗದ ಹೊರತು ತಂತಿ ಬದಲಿಸುವವರಲ್ಲ! ಆದರೆ ಬಹುಕಾಲ ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ಅವರ ಹೆಸರಿರಲಿಲ್ಲ. 1971ರಲ್ಲಿ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಮುದ್ರಿಕೆಯಲ್ಲಿ ಅದು ಅಚ್ಚಾಯಿತು. 1983ರಲ್ಲಿ, 47ನೆಯ ವಯಸ್ಸಿಗೇ, ಅವರು ತೀರಿಕೊಂಡರು. ಲೋಕದ ದೊಡ್ಡ ಮನ್ನಣೆ ಬಂದುದು 2000ದಲ್ಲಿ, ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಅವರನ್ನು ಸೇರಿಸಿಕೊಂಡಾಗ.

ಈ ನಡುವೆ ಕಾಲದ ರುಚಿ ಬದಲಾಗಿತ್ತು. 1960ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ಸಂಸ್ಥೆ ದುಂಡು ಸುತ್ತಿನ ಬೇಸ್ ತಂತಿಗಳನ್ನು ರೂಪಿಸಿತು. ‘ದಿ ಹೂ’ ತಂಡದ ಜಾನ್ ಎಂಟ್ವಿಸಲ್ ಅವುಗಳಿಂದ ಪಿಯಾನೋದಂಥ ಝೇಂಕಾರ ಹೊರಡಿಸಿದರು. ಬೇಸ್ ಮುಂದೆ ಬಂದು ಮಾತಾಡತೊಡಗಿತು. ರಾಕ್ ಸಂಗೀತಕ್ಕೆ ದುಂಡು ಸುತ್ತು, ಜಾಝ್, ಸೋಲ್, ರೆಗೇಗಳಿಗೆ ಚಪ್ಪಟೆ ಸುತ್ತು ಎಂಬ ಸೂತ್ರವೂ ಹುಟ್ಟಿತು. ಆದರೆ ಸೂತ್ರಕ್ಕೆ ಅಪವಾದ ಇದ್ದೇ ಇರುತ್ತದೆ. ಜಾಝ್‌ನ ಜಾಕೋ ಪಾಸ್ಟೋರಿಯಸ್ ಮೆಟ್ಟಿಲಿಲ್ಲದ ಬೇಸಿಗೆ ದುಂಡು ಸುತ್ತನ್ನೇ ಕಟ್ಟಿದರು. ಅಬ್ಬರದ ‘ಐರನ್ ಮೇಡನ್’ ತಂಡದ ಸ್ಟೀವ್ ಹ್ಯಾರಿಸ್ ಆರಿಸಿಕೊಂಡದ್ದು ಚಪ್ಪಟೆ ಸುತ್ತನ್ನು. ತಂತಿಯನ್ನು ನಿಶ್ಚಯಿಸುವುದು ಸಂಗೀತದ ಜಾತಿಯಲ್ಲ. ಆ ಹಾಡಿನಲ್ಲಿ ಬೇಸ್ ಹೊರಬೇಕಾದ ಹೊಣೆ ಎಂದು ನನಗೆ ತೋರುತ್ತದೆ.

ಹುಡುಗನಿಗೆ ನಾನು ಉಪದೇಶ ಮಾಡಲಿಲ್ಲ. ಜೇಮರ್ಸನ್ ನುಡಿಸಿದ, 1964ರ ‘ಮೈ ಗರ್ಲ್’ ಹಾಡನ್ನು ಹಾಕಿಸಿದೆ. ಹಾಡು ಆರಂಭವಾಗುವುದೇ ಬೇಸಿನಿಂದ. ನಡುವೆ ಮಂದ್ರದ ತಿರುಪನ್ನು ಪೂರ್ತಿ ತಗ್ಗಿಸೆಂದೆ. ತಗ್ಗಿಸಿದ. ಗಾಯಕರ ಕಂಠ ಹಾಗೆಯೇ ಇತ್ತು, ತಾಳವೂ ಇತ್ತು. ಆದರೆ ಹಾಡಿಗೆ ಕಾಲೂರಲು ನೆಲವಿರಲಿಲ್ಲ. ಎರಡು ಸಾಲು ಕೇಳುವಷ್ಟರಲ್ಲಿ ಅವನೇ ತಿರುಪನ್ನು ಮೊದಲಿನಂತೆ ತಿರುಗಿಸಿದ. “ಇಷ್ಟು ದಿನ ನಾನಿದನ್ನ ಕೇಳೇ ಇರಲಿಲ್ಲ, ತಾತ” ಎಂದ.

ಕೇಳಿದ್ದನಪ್ಪ, ಗಮನಿಸಿರಲಿಲ್ಲ, ಅಷ್ಟೇ.