ಕಾಡುಕುದುರೆ ಏರಿದ ಭಾವಗೀತೆಯ ಗಾಯಕ

ಶಿವಮೊಗ್ಗ ಸುಬ್ಬಣ್ಣ ಅಂದಕೂಡಲೆ ನಮಗೆ ನೆನಪಾಗೋದು ಕುವೆಂಪು, ಬೇಂದ್ರೆಯವರ ಭಾವಗೀತೆಗಳು. ಆದರೆ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿದ್ದು ಭಾವಗೀತೆಯಲ್ಲ, ಜಾನಪದ ಧಾಟಿಯ ಒಂದು ಹಾಡು!

ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದ ಸುಬ್ಬಣ್ಣ ಓದಿದ್ದು ಕಾನೂನು, ಹಾಡಿದ್ದು ಸುಗಮ ಸಂಗೀತ. ಚಂದ್ರಶೇಖರ ಕಂಬಾರರೋ ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ತಮ್ಮ ‘ಕಾಡು ಕುದುರೆ’ ಚಿತ್ರಕ್ಕೆ ತಾವೇ ಹಾಡು ಬರೆದು, ರಾಗ ಹಾಕಿ, ಈ ಮಲೆನಾಡಿನ ವಕೀಲರಿಂದ ಹಾಡಿಸಿದರು. 1978ನೇ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ಪ್ರಶಸ್ತಿ ಸುಬ್ಬಣ್ಣನವರಿಗೆ ಬಂತು. ಅದನ್ನು ಪಡೆದ ಮೊದಲ ಕನ್ನಡಿಗ ಅವರು.

ಇದು ಅಪ್ಪಟ ಜಾನಪದವೇ ಅಂತ ನೀವು ಕೇಳಬಹುದು. ಅಲ್ಲ. ಬರೆದ ಕವಿಯ ಹೆಸರು ಗೊತ್ತಿದೆ, ಹಾಡಿದ್ದು ಸ್ಟುಡಿಯೋದಲ್ಲಿ. ಆದರೆ ಅದರ ಲಯ, ಮಾತು ಎರಡೂ ಉತ್ತರ ಕರ್ನಾಟಕದ ಹಳ್ಳಿಯವು. ಸುಬ್ಬಣ್ಣ ಭಾವಗೀತೆಯ ನಾಜೂಕು ಬದಿಗಿಟ್ಟು, ಗಂಟಲು ಬಿಚ್ಚಿ ಹಾಡಿದರು. ಮುಂದೆ ಕ್ಯಾಸೆಟ್ ಕಾಲದಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನೂ ಹಾಡಿದರು.

ಏಕತಾರಿ ಹಿಡಿದು ಊರೂರಲ್ಲಿ ಇಂಥ ಪದ ಹಾಡಿದ ಎಷ್ಟೋ ಜನರ ಹೆಸರು ಎಲ್ಲೂ ದಾಖಲಾಗಲಿಲ್ಲ. ಪೇಟೆಯ ನಮ್ಮಂಥವರಿಗೆ ಆ ಧಾಟಿ ತಲುಪಿದ್ದು ಸುಬ್ಬಣ್ಣ, ಸಿ. ಅಶ್ವತ್ಥ್ ಅಂಥವರ ದನಿಯಲ್ಲಿ. 2022ರ ಆಗಸ್ಟ್ 11ರಂದು ಸುಬ್ಬಣ್ಣ ತೀರಿಕೊಂಡರು. ಆ ದನಿ ಕೇಳಿ ಮೂಲದ ಹಾಡುಗಾರರನ್ನು ಹುಡುಕಿಕೊಂಡು ಹೋದವರು ನಮ್ಮಲ್ಲಿ ಎಷ್ಟು ಮಂದಿ? ನೀವೇನಂತೀರಿ?