‘ಇರು’ ಧಾತುವೂ ಭಾಷಾಬಾಂಧವ್ಯವೂ

‘ರಾಮನಿಗೆ ಹೊಲವಿದೆ’, ‘ಹೊಲದಲ್ಲಿ ಬಾವಿಯಿದೆ’ ಎಂಬ ವಾಕ್ಯಗಳಲ್ಲಿ ಮೊದಲನೆಯದು ಸ್ವಾಮ್ಯವನ್ನೂ ಎರಡನೆಯದು ಸ್ಥಾನವನ್ನೂ ಬೋಧಿಸುತ್ತದೆ. ಕ್ರಿಯಾಪದವು ಒಂದೇ, ಅರ್ಥಭೇದವು ಚತುರ್ಥೀ ಸಪ್ತಮೀ ವಿಭಕ್ತಿಗಳಿಂದ ತೋರುವುದು. ಸಂಸ್ಕೃತದಲ್ಲಿಯೂ ‘ಮಮ ಪುಸ್ತಕಮಸ್ತಿ’ ಎಂದು ಷಷ್ಠಿಯೊಡನೆ ‘ಅಸ್’ ಧಾತುವೇ ಬರುವುದು.

ಕೊರಿಯಾದ ಭಾಷೆಯನ್ನು ಕಲಿಯತೊಡಗುವ ಕನ್ನಡಿಗನಿಗೆ ಮೊದಲ ಪಾಠಗಳಲ್ಲಿಯೇ ಈ ಅಚ್ಚು ಎದುರಾಗುವುದು. ಅಲ್ಲಿ ‘ಇತ್ತಾ’ ಎಂದು ಉಚ್ಚರಿಸುವ ಪದವೊಂದೇ ಸ್ವಾಮ್ಯಕ್ಕೂ ಸ್ಥಾನಕ್ಕೂ ಸಲ್ಲುತ್ತದೆ. ನಿಷೇಧಕ್ಕೆ ಕನ್ನಡದ ‘ಇಲ್ಲ’ದಂತೆ ‘ಅಪ್ತಾ’ ಎಂಬ ಬೇರೆ ಪದವುಂಟು. ‘ನಾ’ ಎಂದರೆ ನಾನು, ‘ನಾಎಗೆ’ ಎಂದರೆ ನನಗೆ. ಇಷ್ಟು ಸಾಮ್ಯವನ್ನು ಕಂಡವರಿಗೆ ಇವೆರಡೂ ಒಂದೇ ಮೂಲದವೆಂದು ತೋರಿದರೆ ಸೋಜಿಗವಲ್ಲ. ಹೋಮರ್ ಹಲ್ಬರ್ಟ್ ಎಂಬವರು ೧೯೦೫ರಲ್ಲಿ ಕೊರಿಯಾದ ಭಾಷೆಗೂ ದ್ರಾವಿಡ ಭಾಷೆಗಳಿಗೂ ತೌಲನಿಕ ವ್ಯಾಕರಣವನ್ನೇ ರಚಿಸಿ ಬಾಂಧವ್ಯವನ್ನು ಸಾಧಿಸಲೆಳಸಿದರು.

ಆದರೆ ವಾಕ್ಯರಚನೆಯ ಸಾಮ್ಯವು ಬಾಂಧವ್ಯಕ್ಕೆ ಪ್ರಮಾಣವಾಗದೆಂಬುದಕ್ಕೆ ದೃಷ್ಟಾಂತವು ಮೈಸೂರು ಜಿಲ್ಲೆಯಲ್ಲಿಯೇ ಇದೆ. ೧೯೫೯ರ ಬಳಿಕ ಭಾರತಕ್ಕೆ ಬಂದ ಟಿಬೆಟನ್ನರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ೧೯೬೦ರ ಸುಮಾರಿಗೂ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ೧೯೭೦ರ ದಶಕದಲ್ಲಿಯೂ ನೆಲೆ ದೊರೆಯಿತು. ಅವರ ಬರಹದ ಭಾಷೆಯಲ್ಲಿ ‘ಲ’ ಎಂಬ ಪ್ರತ್ಯಯವೂ ‘ಯೋದ್’ ಎಂಬ ಕ್ರಿಯಾಪದವೂ ಸೇರಿ ‘ನನಗಿದೆ’, ‘ಊರಿನಲ್ಲಿದೆ’ ಎಂಬೆರಡು ಅರ್ಥಗಳನ್ನೂ ಕೊಡುತ್ತವೆ. ‘ಇಲ್ಲ’ ಎಂಬುದಕ್ಕೆ ‘ಮೇದ್’ ಎಂಬ ಬೇರೆ ಪದವಿದೆ. ಆದರೂ ಟಿಬೆಟನ್ನು ದ್ರಾವಿಡವೆನ್ನುವವರಿಲ್ಲ. ಅದು ಬರ್ಮೀ ಮೊದಲಾದವುಗಳ ವರ್ಗಕ್ಕೆ ಸೇರಿದುದು.

ಇನ್ನು ಪದಸಾಮ್ಯದ ವಿಚಾರ. ಹಳಗನ್ನಡದಲ್ಲಿ ಉತ್ತಮಪುರುಷವು ‘ಆನ್’ ಎಂದಿತ್ತು. ‘ನಾನು’ ಎಂಬುದರ ಆದಿ ನಕಾರವು ಈಚಿನದು. ‘ಇತ್ತು’ ಎಂಬುದು ‘ಇರ್’ ಧಾತುವಿನ ಭೂತರೂಪ. ಕೊರಿಯಾದ ಪದದ ಧಾತುವಾದರೋ ‘ಇಸ್’. ಕನ್ನಡದ ‘ಗೆ’, ‘ಕ್ಕೆ’ಗಳಿಗೆ ತಮಿಳಿನ ‘ಕು’ ಸೋದರ. ಕೊರಿಯಾದ ‘ಎಗೆ’ಯು ಷಷ್ಠೀ ಪ್ರತ್ಯಯಕ್ಕೆ ‘ಆ ಎಡೆಯಲ್ಲಿ’ ಎಂಬರ್ಥದ ಪದವು ಸೇರಿ ಸವೆದುದು. ಹೀಗೆ ಪ್ರಾಚೀನರೂಪಗಳತ್ತ ಸರಿದಷ್ಟೂ ಸಾಮ್ಯವು ಕರಗುತ್ತದೆ. ನಿಜವಾದ ಬಾಂಧವ್ಯವಿದ್ದಲ್ಲಿ ಅದು ಹೆಚ್ಚಬೇಕಾಗಿದ್ದಿತು.

ಅಂತು ಈ ಹೋಲಿಕೆಯಿಂದ ಸಿದ್ಧಿಸುವುದು ಕುಲವಲ್ಲ, ಮನೋಧರ್ಮ. ಒಡೆತನವೆಂದರೆ ವಸ್ತುವು ಒಬ್ಬನ ಎಡೆಯಲ್ಲಿರುವುದೆಂದು ಭಿನ್ನಕುಲದ ಜನರು ಸ್ವತಂತ್ರವಾಗಿಯೇ ಭಾವಿಸಿದರು. ‘ಅವನ ಹತ್ತಿರ ಹಣವಿದೆ’ ಎಂಬ ನಿತ್ಯದ ಮಾತೂ ಇದನ್ನೇ ಸಾರುತ್ತದೆ. ಈ ರಚನಾಸಾಮ್ಯವು ಭಾಷೆಯನ್ನು ಕಲಿಯುವವನಿಗೆ ಊರೆಗೋಲು. ಭಾಷಾಚರಿತ್ರಕಾರನಿಗೆ ಮಾತ್ರ ಸಾಕ್ಷ್ಯವಲ್ಲ.